ಕೇಳಿ, ಹೇಳುತ್ತೇನೆ: ಬಣ್ಣದ ಡಬ್ಬಿ ತೆರೆಯುವ ಮೊದಲು

(ಹಳೆಯ ಇಂಜಿನ್, ಪಂಪು, ಜನರೇಟರುಗಳ ಕುರಿತ ಓದುಗರ ಪ್ರಶ್ನೆಗಳಿಗೆ ಮಲ್ಪೆಯ ನಿವೃತ್ತ ಡೀಸೆಲ್ ಫಿಟ್ಟರ್ ಒಬ್ಬರ ಉತ್ತರಗಳು)

ಪ್ರಶ್ನೆ: ಮೇಸ್ತ್ರಿಗಳೇ, ನಮ್ಮ ತಂದೆಯವರು ಊರಿನ ಕೋಲ, ಮದುವೆ, ಬಯಲಾಟಗಳಿಗೆ ಮೈಕ್ ಮತ್ತು ದೀಪಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರ ಕಾಲದ ಡೀಸೆಲ್ ಜನರೇಟರ್ ಹಟ್ಟಿಯ ಪಕ್ಕದ ಮಾಡಿನ ಕೆಳಗೆ ಹಲವು ವರ್ಷಗಳಿಂದ ಬಿದ್ದುಕೊಂಡಿದೆ. ಕಿರ್ಲೋಸ್ಕರ್ ಎವಿ1 ಇಂಜಿನ್, 5 ಎಚ್‌ಪಿ, 1500 ಆರ್‌ಪಿಎಂ. ಅದಕ್ಕೆ ನೇರವಾಗಿ ಜೋಡಿಸಿದ 3 ಕೆವಿಎ ಸಿಂಗಲ್ ಫೇಸ್ ಆಲ್ಟರ್ನೇಟರ್, ಅಂದರೆ ಕರೆಂಟು ಹುಟ್ಟಿಸುವ ಯಂತ್ರ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಅರ್ಧ ಸುತ್ತು ಬಂದು ನಿಲ್ಲುತ್ತದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಉಜ್ಜಿ, ಬಣ್ಣ ಬಳಿದು ಅಂಗಳದಲ್ಲಿ ಇಡೋಣ ಎಂದು ತಮ್ಮ ಹೇಳುತ್ತಾನೆ. ನನಗೆ ಅದು ಮತ್ತೆ ಓಡಬೇಕು ಎಂಬ ಆಸೆ. ಖರ್ಚಿಗೆ ಇಳಿಯುವ ಮೊದಲು ಪರೀಕ್ಷಿಸುವುದು ಹೇಗೆ?
– ಓದುಗ, ಕಟಪಾಡಿ

ಉತ್ತರ: ತಮ್ಮನ ಕೈಯಲ್ಲಿರುವ ಬಣ್ಣದ ಡಬ್ಬಿಯನ್ನು ಮೊದಲು ಅಟ್ಟಕ್ಕೆ ಹಾಕಿ. ಬಣ್ಣ ಬಳಿದ ಹಳೆಯ ಜನರೇಟರ್ ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲಿ ಎಣ್ಣೆ ಸೋರಿದೆ, ಎಲ್ಲಿ ಬಿರುಕು ಬಿಟ್ಟಿದೆ, ಯಾವ ನಟ್ಟನ್ನು ಯಾರೋ ಬಿಚ್ಚಿ ಅರೆಬರೆ ಬಿಗಿದಿದ್ದಾರೆ ಎಂಬುದನ್ನೆಲ್ಲ ಯಂತ್ರದ ಮೈಮೇಲಿನ ಕೊಳೆಯೇ ಹೇಳುತ್ತದೆ. ಬಣ್ಣ ಬಳಿದಿರೋ, ಆ ಸಾಕ್ಷಿ ಹೋಯಿತು. ಮೇಲೆ ಥಳುಕು, ಒಳಗೆ ಹುಳುಕು. ಸದ್ಯಕ್ಕೆ ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡು ನೇಮ್‌ಪ್ಲೇಟುಗಳನ್ನು ಮಾತ್ರ ಒರೆಸಿ, ಓದಿ, ಬರೆದಿಟ್ಟುಕೊಳ್ಳಿ. ಇಂಜಿನ್ನಿನದು ಒಂದು, ಆಲ್ಟರ್ನೇಟರಿನದು ಇನ್ನೊಂದು.

ನಿಮ್ಮಲ್ಲಿರುವುದು ಒಂದೇ ಚಾಸಿಯ ಮೇಲೆ ಕುಳಿತ ಎರಡು ಯಂತ್ರಗಳು. ಹಳೆಯ ಸೆಟ್ ಸಿಕ್ಕಿದ ಕೂಡಲೇ ಜನ ಏನು ಮಾಡುತ್ತಾರೆ? ಡೀಸೆಲ್ ಹುಯ್ದು ಹ್ಯಾಂಡಲ್ ಹಿಡಿಯುತ್ತಾರೆ. ಇಂಜಿನ್ ನಾಲ್ಕು ಸಲ ಡಬಡಬ ಎಂದರೆ ಸಾಕು, ವಿಡಿಯೊ ತೆಗೆದು ನೆಂಟರಿಷ್ಟರಿಗೆಲ್ಲ ಕಳುಹಿಸುತ್ತಾರೆ. ನೀವು ಇದಕ್ಕೆ ತಿರುವುಮುರುವಾಗಿ ಹೋಗಿ, ಕರೆಂಟಿನ ಕಡೆಯಿಂದ ಶುರು ಮಾಡಿ. ಎವಿ1 ಇಂಜಿನ್ನಿನ ಬಿಡಿಭಾಗಗಳಿಗೆ ಬರಗಾಲವಿಲ್ಲ. ತೋಟದ ಪಂಪ್‌ಸೆಟ್ಟುಗಳಲ್ಲಿ ಅದು ದುಡಿದಿದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿಯೂ ಅದೇ ಇಂಜಿನ್ ಅಥವಾ ಅದರ ದಾಯಾದಿ ಟಿವಿ1 ಇರುತ್ತದೆ. 80 ಮಿಲಿಮೀಟರ್ ಬೋರ್, 110 ಮಿಲಿಮೀಟರ್ ಸ್ಟ್ರೋಕ್ ಎಂದರೆ ಅಂಗಡಿಯವನು ಪಿಸ್ಟನ್, ಲೈನರ್, ರಿಂಗುಗಳನ್ನು ಒಂದೇ ಡಬ್ಬದಲ್ಲಿ ತಂದಿಡುತ್ತಾನೆ. ಆಲ್ಟರ್ನೇಟರಿನ ವೈಂಡಿಂಗ್ (ಒಳಗೆ ಸುತ್ತಿದ ತಾಮ್ರದ ತಂತಿ) ಯಂತ್ರದ ಕಬ್ಬಿಣದ ಮೈಗೆ ಶಾರ್ಟ್ ಆಗಿದ್ದರೆ ಕಥೆಯೇ ಬೇರೆ. ರಿವೈಂಡಿಂಗ್ ಮಾಡಿಸಬೇಕು, ತಾಮ್ರದ ಬೆಲೆ ನಿಮಗೇ ಗೊತ್ತು. ಗುಜರಿಯವನ ಜೊತೆ ಮಾತು ಮುಂದುವರಿಸಬೇಕೋ ಬೇಡವೋ ಎಂಬುದು ಇತ್ಯರ್ಥವಾಗುವುದು ಅಲ್ಲಿಯೇ.

ಟರ್ಮಿನಲ್ ಪೆಟ್ಟಿಗೆಯನ್ನು ಬಿಚ್ಚಿ, ತಂತಿ ಕಳಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಒಂದೊಂದು ತಂತಿಗೂ ಚೀಟಿ ಕಟ್ಟಿ. ಹಟ್ಟಿಯ ಪಕ್ಕ ಇದ್ದದ್ದು ಎಂದಮೇಲೆ ಒಳಗೆ ಒಣಗಿದ ಹಲ್ಲಿ, ಕಡಜದ ಮಣ್ಣಿನ ಗೂಡು, ಇಲಿ ಕಡಿದ ಇನ್ಸುಲೇಶನ್ ಎಲ್ಲವೂ ಇರಬಹುದು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಶ್ಶುಗಳನ್ನು ಹೊರತೆಗೆದು ನೋಡಿ. ಹಿಡಿಕೆಯಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗಿಗೆ ಕಸುವಿರಬೇಕು. ಬ್ರಶ್ಶು ಉಜ್ಜುವ ಸ್ಲಿಪ್ ರಿಂಗುಗಳು ನಮ್ಮ ಕಡಲ ಗಾಳಿಗೆ ಹಸಿರು ಹಿಡಿದಿರುತ್ತವೆ. ಅವನ್ನು ನಯವಾದ ಮರಳುಕಾಗದದಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಪುಡಿ ಕರೆಂಟು ಹರಿಸಿ ಕಾಟ ಕೊಡುತ್ತದೆ.

ಈಗ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್. 500 ವೋಲ್ಟಿನದ್ದು ಸಾಕು. ಯಾವುದಾದರೂ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ. ಡಯೋಡುಗಳನ್ನೂ, ಎವಿಆರ್ (ವೋಲ್ಟೇಜನ್ನು ಹದದಲ್ಲಿಡುವ ಬೋರ್ಡು) ಇದ್ದರೆ ಅದನ್ನೂ ಮೊದಲು ಬೇರ್ಪಡಿಸಿ. 500 ವೋಲ್ಟ್ ಬಿಟ್ಟರೆ ಅವು ಅಲ್ಲೇ ಸಾಯುತ್ತವೆ. ಸ್ಟೇಟರ್ (ತಿರುಗದ ಭಾಗ) ವೈಂಡಿಂಗಿನಿಂದ ಯಂತ್ರದ ಮೈಗೆ, ಬ್ರಶ್ ಎತ್ತಿಟ್ಟು ಸ್ಲಿಪ್ ರಿಂಗಿನಿಂದ ಶಾಫ್ಟಿಗೆ, ಹೀಗೆ ಎರಡು ಕಡೆ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಯಂತ್ರದಿಂದ ಕರೆಂಟು ಹುಟ್ಟಿಸುವ ಪ್ರಯತ್ನವನ್ನೇ ಮಾಡಬೇಡಿ. ಹಾಗೆಂದು ಕೂಡಲೇ ಗುಜರಿಯವನಿಗೆ ಫೋನ್ ಮಾಡಲೂ ಬೇಡಿ. ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ವೈಂಡಿಂಗ್ ತೇವ ಕುಡಿದಿರುತ್ತದೆ. ಒಣಗಿಸಿ ನೋಡಬೇಕು. 100 ವಾಟಿನ ಎರಡು ತಂತಿ ಬಲ್ಬುಗಳನ್ನು ವೈಂಡಿಂಗಿಗೆ ತಾಗದಂತೆ ಕೆಳಗಿಟ್ಟು, ಮೇಲೆ ತಗಡು ಮುಚ್ಚಿ. ಹಬೆ ಹೋಗಲು ಒಂದು ಸಂದು ಬಿಡಿ. ಗೋಣಿ ಮುಚ್ಚಬೇಡಿ, ಬೆಂಕಿ ಹಿಡಿಯುತ್ತದೆ. ಆಗಾಗ ಬಲ್ಬ್ ಆರಿಸಿ ಅಳೆದು ಬರೆದುಕೊಳ್ಳಿ. ಮೊದಮೊದಲು ಅಳತೆ ಏರುವ ಬದಲು ಇಳಿಯುತ್ತದೆ, ಹೆದರಬೇಡಿ. ಬಿಸಿಗೆ ತೇವ ಎದ್ದು ಹರಡುವಾಗ ಹಾಗಾಗುವುದು ಸಹಜ. ಸ್ವಲ್ಪ ಹೊತ್ತು ಅಲ್ಲೇ ನಿಂತು ಆಮೇಲೆ ಏರತೊಡಗಿದರೆ ವೈಂಡಿಂಗ್ ಬದುಕಿದೆ. ಎಷ್ಟು ಒಣಗಿಸಿದರೂ ಮುಳ್ಳು ಮೇಲೇಳದಿದ್ದರೆ ಮಾತ್ರ ರಿವೈಂಡಿಂಗಿನ ಯೋಚನೆ.

ಇನ್ನು ನಿಮ್ಮ ಅರ್ಧ ಸುತ್ತಿನ ಸಮಸ್ಯೆ. ಹೇಗೆ ನಿಲ್ಲುತ್ತದೆ ಎಂದು ನೀವು ಬರೆದಿಲ್ಲ, ಅದೇ ಮುಖ್ಯ. ಮೆತ್ತಗೆ ತಡೆದು ಹಿಂದಕ್ಕೆ ತಳ್ಳುತ್ತದೆಯೇ? ಹಾಗಿದ್ದರೆ ಅದು ಕಂಪ್ರೆಶನ್, ಸಿಲಿಂಡರಿನೊಳಗೆ ಗಾಳಿಯ ಒತ್ತಡ, ನಿಮ್ಮ ಅದೃಷ್ಟ. ಆ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ ತಿರುಗಿಸಿದರೆ ಸುತ್ತು ಪೂರ್ತಿಯಾಗುತ್ತದೆ. ಲಿವರ್ ಎತ್ತಿದರೂ ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ ಅದೇ ಜಾಗದಲ್ಲಿ ನಿಂತರೆ ಬಲ ಹಾಕಬೇಡಿ. ಇಂಜಿನ್ ಮತ್ತು ಆಲ್ಟರ್ನೇಟರ್ ನಡುವಿನ ಕಪ್ಲಿಂಗ್ ಬಿಚ್ಚಿ ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಿ ನೋಡಿ. ಎಷ್ಟೋ ಸಲ ಇಂಜಿನ್ ನಿರಪರಾಧಿ. ಗ್ರೀಸ್ ಒಣಗಿ ತುಕ್ಕು ತಿಂದ ಆಲ್ಟರ್ನೇಟರ್ ಬೇರಿಂಗ್ ಹಿಡಿದುಕೊಂಡಿರುತ್ತದೆ. ಇಂಜಿನ್ನೇ ಹಿಡಿದಿದ್ದರೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿ ನಿಧಾನವಾಗಿ ತಿರುಗಿಸಿ. ಸೈಲೆನ್ಸರಿನ ಬಾಯಿಯಿಂದ ಮಳೆ ನೀರು ಇಳಿದಿದ್ದರೆ ಆ ತೂತಿನಿಂದ ಹೊರಗೆ ಚಿಮ್ಮುತ್ತದೆ. ನೀರು ಬರದಿದ್ದರೆ ವಾಲ್ವ್ ಕಾಂಡ ಅಂಟಿಕೊಂಡಿರಬಹುದು ಅಥವಾ ರಿಂಗುಗಳು ಲೈನರಿಗೆ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಸಿಲಿಂಡರಿಗೆ ಸುರಿದು ಕೆಲವು ದಿನ ಬಿಡಿ. ಆಮೇಲೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತಾ ಬನ್ನಿ. ಹ್ಯಾಂಡಲಿಗೆ ಉದ್ದದ ಪೈಪ್ ಸಿಕ್ಕಿಸಿ ಇಬ್ಬರು ಜೋತು ಬೀಳುವ ಪದ್ಧತಿಯೊಂದು ನಮ್ಮಲ್ಲಿದೆ. ಮುರಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತಿರುಗಿತು ಎಂದಾದರೆ ಹಳೆಯ ದ್ರವಗಳೆಲ್ಲ ಹೊರಗೆ. ಇಂಜಿನ್ನಿನ ತಳದ ಸಂಪಿನ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಡೀಸೆಲ್ ಟ್ಯಾಂಕಿನ ತಳದಲ್ಲಿಯೂ ನೀರಿರುತ್ತದೆ, ನೀರು ಮತ್ತು ಡೀಸೆಲ್ಲಿನ ಗಡಿಯಲ್ಲಿ ಕಪ್ಪು ಲೋಳೆ ಬೆಳೆದಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಯಿರಿ, ಫಿಲ್ಟರ್ ಹೊಸದು ಹಾಕಿ. ನಾಜಲನ್ನು ಪಂಪು ರಿಪೇರಿಯವರ ಬಳಿ ಟೆಸ್ಟರಿಗೆ ಹಾಕಿಸಿ. 200 ಬಾರ್ ಆಸುಪಾಸಿನಲ್ಲಿ ತೆರೆದುಕೊಂಡು ಮಂಜಿನಂತೆ ಸಿಂಪಡಿಸಬೇಕು, ತುದಿಯಿಂದ ತೊಟ್ಟಿಕ್ಕಬಾರದು. ಸಿಂಪಡಿಸುವಾಗ ಬೆರಳು ಅಡ್ಡ ಹಿಡಿದು ನೋಡುವವರಿದ್ದಾರೆ. ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಅದು ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು.

ಮೊದಲ ಸಲ ಸ್ಟಾರ್ಟ್ ಮಾಡುವ ದಿನದ ದೊಡ್ಡ ಭಯ ಇಂಜಿನ್ ಓಡದಿರುವುದಲ್ಲ, ಓಡಿ ನಿಲ್ಲದಿರುವುದು. ಡೀಸೆಲ್ಲಿನ ಅಳತೆ ಹೆಚ್ಚುಕಡಿಮೆ ಮಾಡುವ, ಫ್ಯೂಯಲ್ ಪಂಪಿನ ರ‍್ಯಾಕ್ ಅಂಟಿಕೊಂಡಿದ್ದರೆ ವೇಗ ಹಿಡಿದಿಡುವ ಗವರ್ನರಿನ ಮಾತು ನಡೆಯುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಆದ್ದರಿಂದ ರ‍್ಯಾಕ್ ಬೆರಳಿನಲ್ಲಿ ಸಲೀಸಾಗಿ ಸರಿಯುತ್ತದೆಯೇ ಎಂದು ಮೊದಲೇ ನೋಡಿ. ಏರ್ ಫಿಲ್ಟರ್ ಕಳಚಿಡಿ. ತಮ್ಮನ ಕೈಗೆ ಒಂದು ತುಂಡು ಪ್ಲೈವುಡ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ. ವೇಗ ಹದ ತಪ್ಪಿದರೆ ಗಾಳಿಯ ಬಾಯಿಗೆ ಅದನ್ನು ಒತ್ತಿ ಹಿಡಿಯಬೇಕು. ಅಂಗೈ ಕೊಡಬಾರದು. ತಂಪಿಗೆಂದು ಇಟ್ಟ ಡ್ರಮ್ಮಿನಿಂದ ಇಂಜಿನ್ನಿಗೆ ನೀರು ತುಂಬಿದೆಯೇ, ಆಲ್ಟರ್ನೇಟರಿನ ಮೇನ್ ಸ್ವಿಚ್ ಆರಿದೆಯೇ, ಸೆಟ್ ಬಯಲಿನಲ್ಲಿದೆಯೇ ನೋಡಿಕೊಳ್ಳಿ. ಹಟ್ಟಿಯೊಳಗೆ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ದನಕ್ಕೂ ಜನಕ್ಕೂ ವಿಷ. ಫ್ಯೂಯಲ್ ಲೈನಿನ ಏರ್ ತೆಗೆದು, ಹ್ಯಾಂಡಲನ್ನು ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರುವಂತೆ ಹಿಡಿಯಿರಿ. ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತದೆ.

ಓಡತೊಡಗಿದ ಮೇಲೆ ಮೀಟರ್ ಹಿಡಿಯಿರಿ. ನಾಲ್ಕು ಪೋಲಿನ ಆಲ್ಟರ್ನೇಟರ್ 1500 ಸುತ್ತಿಗೆ 50 ಹರ್ಟ್ಜ್ ಕೊಡುತ್ತದೆ. ಲೋಡ್ ಇಲ್ಲದಾಗ 52ರ ಹತ್ತಿರ ಇಟ್ಟರೆ ತುಂಬಿದ ಲೋಡಿಗೆ 50ಕ್ಕೆ ಇಳಿದು ನಿಲ್ಲುತ್ತದೆ. ವೋಲ್ಟೇಜ್ ಕಡಿಮೆ ಬಂದರೆ ಇಂಜಿನ್ನಿನ ವೇಗ ಏರಿಸಿ ಸರಿಪಡಿಸುವ ಕೆಟ್ಟ ಚಾಳಿ ಬೇಡ. ವೋಲ್ಟೇಜ್ ಏನೂ ಬಾರದೆ ಮೀಟರ್ ಎರಡು ಮೂರು ವೋಲ್ಟನ್ನಷ್ಟೇ ತೋರಿಸಿದರೆ ರೋಟರಿನಲ್ಲಿ (ತಿರುಗುವ ಭಾಗದಲ್ಲಿ) ಉಳಿದ ಕಾಂತತ್ವ ಜೀವಂತವಿದೆ, ಡಯೋಡ್ ಅಥವಾ ಬ್ರಶ್ ಕೈಕೊಟ್ಟಿದೆ. ಪೂರ್ತಿ ಸೊನ್ನೆಯಾದರೆ ಆ ಕಾಂತತ್ವವೂ ಅಳಿಸಿರಬಹುದು. ಸೆಟ್ ನಿಲ್ಲಿಸಿ, ಡಯೋಡ್ ಕಡೆಯ ತಂತಿ ಕಳಚಿ, 12 ವೋಲ್ಟಿನ ಬ್ಯಾಟರಿಯನ್ನು ಒಂದು ಹೆಡ್‌ಲೈಟ್ ಬಲ್ಬಿನ ಮೂಲಕ ಸ್ಲಿಪ್ ರಿಂಗಿನ ಬ್ರಶ್ಶುಗಳಿಗೆ ಒಂದೆರಡು ಸೆಕೆಂಡು ಮುಟ್ಟಿಸಿ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ಅಷ್ಟಕ್ಕೇ ಎಚ್ಚರಗೊಳ್ಳುವ ಸೆಟ್ಟುಗಳು ಬಹಳ.

ಒಂದು ಬಲ್ಬ್ ಉರಿಯಿತು ಎಂದು ಪಾಯಸ ಮಾಡಬೇಡಿ. ಜನರೇಟರಿಗೆ ಸರ್ಟಿಫಿಕೇಟ್ ಸಿಗುವುದು ಲೋಡಿನಲ್ಲಿ. 3 ಕೆವಿಎ ಎಂದರೆ ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ 2.4 ಕಿಲೋವಾಟ್. 1000 ವಾಟಿನ ಎರಡು ನೀರು ಕಾಯಿಸುವ ರಾಡುಗಳು, 100 ವಾಟಿನ ನಾಲ್ಕು ಬಲ್ಬುಗಳು, ಲೆಕ್ಕ ಸರಿಹೋಯಿತು. ರಾಡುಗಳನ್ನು ಬೇರೆ ಬೇರೆ ಬಕೆಟ್ ನೀರಿನಲ್ಲಿ ಮುಳುಗಿಸಿ, ಓಡುವಾಗ ನೀರು ಮುಟ್ಟಬೇಡಿ. ಚಾಸಿಗೆ ಅರ್ತಿಂಗ್ ಕೊಟ್ಟಿರಲೇಬೇಕು. ಮೊದಲು ಬಲ್ಬು, ಆಮೇಲೆ ಒಂದು ರಾಡು, ಸ್ವಲ್ಪ ಹೊತ್ತಿನ ನಂತರ ಇನ್ನೊಂದು. ಪೂರ್ತಿ ಲೋಡಿನಲ್ಲಿ ಒಂದು ಗಂಟೆಯಾದರೂ ಓಡಲಿ. ಸ್ಟಾರ್ಟ್ ಆದಾಗ ಬಿಳಿ ಹೊಗೆ ಇದ್ದು ಬಿಸಿಯಾದ ಮೇಲೆ ಹೋದರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ಅಥವಾ ವಾಲ್ವ್ ಗೈಡಿನಿಂದ ಎಣ್ಣೆ ಸುಡುತ್ತಿದೆ. ಕಪ್ಪಾದರೆ ಗಾಳಿ ಸಾಲದು ಅಥವಾ ನಾಜಲ್ ಸರಿಯಿಲ್ಲ. ಡೀಸೆಲ್ಲನ್ನು ಅಳತೆ ಬಾಟಲಿಯಿಂದ ಕೊಟ್ಟು ನೋಡಿ. ಈ ಲೋಡಿಗೆ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯಬೇಕು. ಒಂದೂವರೆ ಲೀಟರ್ ಕುಡಿಯುತ್ತಿದ್ದರೆ ಅದರ ಹೊಟ್ಟೆಯಲ್ಲಿ ಏನೋ ಸರಿಯಿಲ್ಲ.

ಇಷ್ಟು ದಾಟಿದರೆ ಮಾರಬೇಡಿ. ಬಯಲಾಟಕ್ಕೆ ಒಯ್ಯುವುದಾದರೆ ಭಾಗವತರ ಪದ ಕೇಳಿಸಬೇಕಲ್ಲ, ಗದ್ದೆಯ ಆಚೆ ಬದಿಗೆ ಇಡಿ. ಆದರೆ ಕೇಬಲ್ ದಪ್ಪ ಇರಲಿ. 50 ಮೀಟರ್ ದೂರಕ್ಕೆ 10 ಆಂಪಿಯರ್ ಒಯ್ದರೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 12 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 4 ಚದರದ ತಂತಿಯಲ್ಲಿ 5 ವೋಲ್ಟಿನೊಳಗೆ ನಿಲ್ಲುತ್ತದೆ. ಬಣ್ಣವನ್ನು ಎಲ್ಲ ಮುಗಿದ ಮೇಲೆ ತಮ್ಮ ಬಳಿಯಲಿ. ನೇಮ್‌ಪ್ಲೇಟಿಗೂ ಅರ್ತಿಂಗ್ ಬೋಲ್ಟಿಗೂ ಕುಂಚ ತಾಗಿಸಬಾರದು ಎಂದು ಹೇಳಿಡಿ.

ಪ್ರಶ್ನೆ: ನಮ್ಮ ಮಾವನವರ ಅಕ್ಕಿ ಮಿಲ್ಲಿನಲ್ಲಿದ್ದ, ರಾಜ್‌ಕೋಟ್‌ನಲ್ಲಿ ತಯಾರಾದ ಲಿಸ್ಟರ್ ಮಾದರಿಯ 6 ಎಚ್‌ಪಿ ಇಂಜಿನ್ನನ್ನು ನಾನು ಮತ್ತು ಮಗಳು ಸೇರಿ ಚಾಲೂ ಮಾಡಿಸಿದ್ದೇವೆ. ಬೆಲ್ಟ್ ಹಾಕಿ ಆಲ್ಟರ್ನೇಟರ್ ಓಡಿಸುತ್ತೇವೆ. ವೋಲ್ಟೇಜ್ ಸರಿಯಿದೆ, ಆದರೆ ಬಲ್ಬುಗಳು ಉಸಿರಾಡಿದಂತೆ ಮಿಣುಕುತ್ತವೆ. ಆಲ್ಟರ್ನೇಟರ್ ಬದಲಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ.
– ಓದುಗರು, ಬಜ್ಪೆ

ಉತ್ತರ: ಅಕ್ಕ, ಬದಲಿಸಬೇಡಿ. ಮಿಣುಕುವುದು ಆಲ್ಟರ್ನೇಟರಿನ ದೋಷವಲ್ಲ, ಆ ಇಂಜಿನ್ನಿನ ಹುಟ್ಟುಗುಣ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಆಸುಪಾಸಿನಲ್ಲಿ ತಂದ ಸಿಎಸ್ ಇಂಜಿನ್ನಿನ ವಂಶ ನಿಮ್ಮದು. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್, ಮೊದಲೇ ಬೆಂಕಿ ಕಾಯಿಸದೆ ತಣ್ಣಗಿದ್ದಾಗಲೇ ಸ್ಟಾರ್ಟ್ ಆಗುವಂಥದ್ದು. 6 ಎಚ್‌ಪಿಯ ಮಾದರಿ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಆದ್ದರಿಂದ ಎರಡು ಸುತ್ತಿಗೊಂದು ಹೊಡೆತ, ನಿಮಿಷಕ್ಕೆ 325, ಸೆಕೆಂಡಿಗೆ ಐದೂವರೆಯ ಹತ್ತಿರ. ಪ್ರತಿ ಹೊಡೆತಕ್ಕೂ ವೇಗ ಚೂರು ಏರಿ ಇಳಿಯುತ್ತದೆ, ಬಲ್ಬೂ ಜೊತೆಗೆ ಏರಿಳಿಯುತ್ತದೆ, ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಆ ದೊಡ್ಡ ಫ್ಲೈವೀಲುಗಳು ಎಷ್ಟು ತೂಕವಿದ್ದರೂ ಪೂರ್ತಿ ನುಂಗಲಾರವು.

ಮಾಡಬಹುದಾದದ್ದು ಇಷ್ಟು. ಪುಲ್ಲಿಯ ಲೆಕ್ಕ ನೋಡಿ: 14 ಇಂಚಿನ ಪುಲ್ಲಿಯಿಂದ 6 ಇಂಚಿನದಕ್ಕೆ ಬಂದರೆ 650 ಸುತ್ತು ಸುಮಾರು 1517 ಆಗುತ್ತದೆ, ಬೆಲ್ಟ್ ಜಾರುವುದಕ್ಕೆ ಅಷ್ಟು ಹೆಚ್ಚಿಗೆ ಇರುವುದು ಒಳ್ಳೆಯದೇ. ಬೆಲ್ಟಿನ ಜೋಡಣೆಯ ಗಂಟು ಪುಲ್ಲಿಯ ಮೇಲೆ ಹಾಯುವಾಗ ಟಪ್ ಎಂದು ಕುಪ್ಪಳಿಸುತ್ತಿದ್ದರೆ ಮಿಣುಕು ಇನ್ನೂ ಹೆಚ್ಚುತ್ತದೆ, ಜೋಡಣೆಯಿಲ್ಲದ ವಿ-ಬೆಲ್ಟ್ ಹಾಕಿ. ಆಲ್ಟರ್ನೇಟರ್ ಕಡೆಯ ಪುಲ್ಲಿ ಭಾರದ್ದಾದರೆ ಇನ್ನೂ ಉತ್ತಮ, ಬೇರಿಂಗಿಗೆ ಹೊರೆಯಾಗದಷ್ಟು. ಕೊನೆಗೆ ತಂತಿ ಬಲ್ಬ್ ತೆಗೆದು ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಹಾಕಿ. ಅದು ವೋಲ್ಟೇಜಿನ ಸಣ್ಣ ಏರಿಳಿತವನ್ನು ತಾನೇ ಸಹಿಸಿಕೊಳ್ಳುತ್ತದೆ. ಆದರೆ ಆರು ಎಚ್‌ಪಿಯ ಇಂಜಿನ್ನನ್ನು ಎರಡು ಎಲ್‌ಇಡಿಗಾಗಿ ಗಂಟೆಗಟ್ಟಲೆ ಓಡಿಸಬೇಡಿ. ಖಾಲಿ ಓಡುವ ಡೀಸೆಲ್ ಇಂಜಿನ್ ಬಿಸಿಯೇರದೆ, ಅರೆಬೆಂದ ಎಣ್ಣೆಯನ್ನು ಸೈಲೆನ್ಸರಿನಲ್ಲಿ ಕಪ್ಪಗೆ ಕಾರುತ್ತದೆ. ಮಿಲ್ಲಿನ ಹಲ್ಲರ್ ಉಳಿದಿದ್ದರೆ ಅದನ್ನೇ ಒಮ್ಮೊಮ್ಮೆ ಓಡಿಸಿ, ಮನೆಗೆ ಅಕ್ಕಿಯೂ ಆಯಿತು. ಮಗಳಿಗೆ ನನ್ನ ಶಹಭಾಸ್ ಹೇಳಿ.

ಪ್ರಶ್ನೆ: ಕರೆಂಟು ಹೋದಾಗ ಹಳೆಯ ಜನರೇಟರಿನ ತಂತಿಯನ್ನು ಮನೆಯ ಹೊರಗಿನ ಪ್ಲಗ್ ಪಾಯಿಂಟಿಗೇ ಸಿಕ್ಕಿಸಿದರೆ ಇಡೀ ಮನೆಗೆ ಕರೆಂಟು ಬರುತ್ತದೆ ಎಂದು ಗೆಳೆಯರು ಹೇಳಿದರು. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಲೇ?
– ಓದುಗ, ಕುಲಶೇಖರ

ಉತ್ತರ: ಮಾಡಿಸಬೇಡಿ ಮಾರಾಯರೇ. ಗೆಳೆಯರು ಹೇಳಿದ್ದು ನಿಜ, ಕರೆಂಟು ಇಡೀ ಮನೆಗೆ ಬರುತ್ತದೆ. ಅಲ್ಲಿಗೆ ನಿಲ್ಲದೆ ಮೀಟರ್ ದಾಟಿ ಕಂಬಕ್ಕೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಎಂಬುದಿಲ್ಲ. ಆ ಕಡೆಯಿಂದ 11,000 ವೋಲ್ಟನ್ನು ಇಳಿಸುವಂತೆಯೇ ಈ ಕಡೆಯಿಂದ ಬಂದದ್ದನ್ನು ಅಷ್ಟಕ್ಕೆ ಏರಿಸುತ್ತದೆ. ಮಳೆಯಲ್ಲಿ ಬಿದ್ದ ಕೊಂಬೆ ತೆಗೆಯಲು ಕಂಬ ಹತ್ತಿರುವ ಮೆಸ್ಕಾಂ ಲೈನ್‌ಮನ್, ಲೈನ್ ಆಫ್ ಇದೆ ಎಂದು ನಂಬಿ ತಂತಿ ಹಿಡಿದಿರುತ್ತಾನೆ. ಇನ್ನು, ಪ್ಲಗ್ ಕಳಚಿದರೆ ನಿಮ್ಮ ಕೈಯಲ್ಲಿರುವುದು ಹೊರಗೆ ಚಾಚಿದ ಜೀವಂತ ಪಿನ್ನುಗಳು. ನೀವು ಕಳಚುವ ಮೊದಲೇ ಮೇನ್ ಕರೆಂಟು ವಾಪಸ್ ಬಂದರೆ ಜನರೇಟರ್ ಹೋಯಿತೆಂದೇ ಲೆಕ್ಕ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದಾಗುವವರೆಗೆ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಫ್ರಿಜ್ಜಿಗೂ ಎರಡು ದೀಪಕ್ಕೂ ಕೊಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಡೀಸೆಲ್ ಇಂಜಿನ್ ತೆಂಗಿನೆಣ್ಣೆಯಲ್ಲೂ ಓಡುತ್ತದೆಯಂತೆ. ನಮ್ಮ ಹೋಟೆಲಿನಲ್ಲಿ ಗೋಳಿಬಜೆ ಕರಿದು ಉಳಿದ ಎಣ್ಣೆ ಹಾಕಬಹುದೇ?
– ಓದುಗ, ಬ್ರಹ್ಮಾವರ

ಉತ್ತರ: ಓಡುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದನ್ನು ನೆಲಗಡಲೆ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಆದರೆ ಒಂದು ದಿನ ಓಡುವುದು ಬೇರೆ, ದಿನಾ ಓಡುವುದು ಬೇರೆ. ಅಡುಗೆ ಎಣ್ಣೆ ಡೀಸೆಲ್ಲಿಗಿಂತ ಹಲವು ಪಟ್ಟು ಮಂದ. ನಾಜಲಿನಿಂದ ಮಂಜಾಗಿ ಬಾರದೆ ಹನಿಯಾಗಿ ಬೀಳುತ್ತದೆ, ಪಿಸ್ಟನ್ನಿನಲ್ಲಿ ರಿಂಗು ಕೂರುವ ಸಂದುಗಳಲ್ಲಿ ಕಿಟ್ಟ ಕಟ್ಟುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಿಗ್ಗೆ ನಿಮ್ಮ ಫ್ಯೂಯಲ್ ಪೈಪಿನಲ್ಲಿ ಮೇಣ ಸಿಗುತ್ತದೆ. ಬೆಲೆಯಲ್ಲೂ ಅದು ಡೀಸೆಲ್ಲಿಗಿಂತ ದುಬಾರಿ. ಗೋಳಿಬಜೆಯ ಎಣ್ಣೆಯಲ್ಲಿ ಉಪ್ಪು, ನೀರು, ಹಿಟ್ಟಿನ ಕರಿ ಮೂರೂ ಇವೆ. ಕರಿದ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರಿಗೆ ಕೊಟ್ಟುಬಿಡಿ. ಅದಕ್ಕೆ ಬೇಕಾಗುವ ಮೆಥನಾಲ್ ವಿಷ, ಹೋಟೆಲಿನ ಹಿತ್ತಲಿನಲ್ಲಿ ಮಾಡುವ ಕೆಲಸ ಅದಲ್ಲ. ಬಂದ ದುಡ್ಡಿನಲ್ಲಿ ಡೀಸೆಲ್ ಹಾಕಿಸಿಕೊಳ್ಳಿ.